ಹುದ್ದೆಗೆ ಕಟ್ಟಿದ ಮನೆ

ಆನಗೋಡಿನಲ್ಲಿ ಊರಿನ ಓದುಗರ ಮುಂದೆ ಆಡಿದ ಮಾತಿನ ಬರಹ ರೂಪ



ಇಂಗ್ಲೆಂಡಿನ ಪಾದ್ರಿಗಳ ಮನೆಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಇಲ್ಲಿಯ ಹಿರಿಯರೊಬ್ಬರು, "ಯಾಕಪ್ಪಾ, ನಮ್ಮ ಕಡೆ ಮನೆ ಇಲ್ಲೇನು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದ್ದರಿಂದ ನಮ್ಮ ಕಡೆಯ ಮನೆಯಿಂದಲೇ ಶುರು ಮಾಡುತ್ತೇನೆ.

ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಶಾನುಭೋಗರ ಮನೆ ಎಂದು ಇವತ್ತಿಗೂ ಕರೆಸಿಕೊಳ್ಳುವ ಮನೆಗಳಿವೆ. ಆ ಮನೆಯಲ್ಲಿ ಈಗ ಶಾನುಭೋಗರಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಎರಡೂ ಹೋದವು. ಹುದ್ದೆ ಹೋಯಿತು, ಮನೆ ಉಳಿಯಿತು. ಆದರೆ ಆ ಮನೆಯನ್ನು ಒಮ್ಮೆ ನಿಂತು ನೋಡಿ. ಮುಂದೆ ಎರಡೂ ಕಡೆ ಕಟ್ಟೆ. ನಾಲ್ಕೈದು ಮಂದಿ ಕೂರುವಷ್ಟು ಅಗಲ. ಬಾಗಿಲು ದಾಟಿದ ಕೂಡಲೇ ಪಡಸಾಲೆ, ಅದರ ಒಂದು ಮಗ್ಗುಲಲ್ಲಿ ದಫ್ತರ ಇಡುವ ಗೂಡು ಅಥವಾ ಪೆಟ್ಟಿಗೆ. ಕಂದಾಯ ಕಟ್ಟಲು, ಖಾತೆ ಕೇಳಲು ಬಂದವನು ಅಲ್ಲಿಗೇ ನಿಲ್ಲುತ್ತಿದ್ದ. ಅಡುಗೆಮನೆ, ದೇವರಮನೆ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವನ ಜಾತಿ ನೋಡಿ ಅವನು ಕಟ್ಟೆಯ ಮೇಲೆ ಕೂರಬೇಕೋ, ಕೆಳಗೆ ಅಂಗಳದಲ್ಲಿ ನಿಲ್ಲಬೇಕೋ ಎಂಬುದೂ ತೀರ್ಮಾನವಾಗುತ್ತಿತ್ತು. ಇದನ್ನು ಮರೆಮಾಚಿ ಆ ಮನೆಯನ್ನು ಹೊಗಳುವುದು ತಪ್ಪಾಗುತ್ತದೆ. ಅಂತೂ ಆ ಕಟ್ಟೆಯನ್ನು ಆ ಅಗಲಕ್ಕೆ ಕಟ್ಟಿಸಿದ್ದು ಮನೆಯವರ ಸಂಸಾರವಲ್ಲ, ಹುದ್ದೆ.

ಹುದ್ದೆ ಕಟ್ಟಿಸಿದ ಮನೆ, ಹುದ್ದೆ ಹೋದ ಮೇಲೆ ಏನಾಗುತ್ತದೆ? ಈ ಪ್ರಶ್ನೆಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಇಂಗ್ಲೆಂಡ್. ಅಲ್ಲಿಯ ಹಳ್ಳಿ ಹಳ್ಳಿಗೂ ಚರ್ಚಿನ ಪಕ್ಕ ಅಂಥದೊಂದು ಮನೆ ಇತ್ತು. ಅದಕ್ಕೆ ರೆಕ್ಟರಿ ಎಂದು ಹೆಸರು. ನಾನು ಆ ದೇಶಕ್ಕೆ ಹೋದವನಲ್ಲ. ಚಿತ್ರ, ನಕ್ಷೆ, ಪುಸ್ತಕ ನೋಡಿ ಹೇಳುತ್ತಿದ್ದೇನೆ.

ರೆಕ್ಟರ್ ಎಂದರೆ ಊರಿನ ಪಾದ್ರಿ. ಅವನಿಗೆ ಸಂಬಳ ಕೊಡುವ ಧಣಿ ಇರಲಿಲ್ಲ. ಊರಿನ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಅವನದು. ಇದಕ್ಕೆ ದಶಾಂಶ ಎನ್ನುತ್ತಾರೆ. ಕಣದಲ್ಲಿ ರಾಶಿ ಆದ ಮೇಲೆ ಆಯಗಾರರಿಗೆ ಆಯ ಅಳೆದು ಕೊಡುತ್ತಿದ್ದುದನ್ನು ನೋಡಿದ ಹಿರಿಯರು ಇಲ್ಲಿದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದೇ. ನಮ್ಮಲ್ಲಿ ಆಯ ಹನ್ನೆರಡು ಮಂದಿಗೆ ಹಂಚಿಹೋಗುತ್ತಿತ್ತು, ಅಲ್ಲಿ ಒಬ್ಬನ ಕಣಜಕ್ಕೆ ಹೋಗುತ್ತಿತ್ತು. ಜೊತೆಗೆ ಚರ್ಚಿಗೆ ಬಿಟ್ಟ ಇನಾಂ ಜಮೀನೂ ಅವನ ಅನುಭೋಗಕ್ಕೆ. ದವಸ, ಹುಲ್ಲು, ಸೌದೆಯ ದೊಡ್ಡ ದಶಾಂಶ ಯಾರಿಗೆ ಸಲ್ಲುತ್ತದೋ ಅವನು ರೆಕ್ಟರ್. ದೊಡ್ಡದು ಬೇರೆಯವರ ಪಾಲಾಗಿ ಕುರಿಮರಿ, ಉಣ್ಣೆ, ತರಕಾರಿಯ ಸಣ್ಣ ದಶಾಂಶ ಮಾತ್ರ ಸಿಕ್ಕಿದರೆ ಅವನು ವಿಕಾರ್. ಹೀಗಾಗಿ ರೆಕ್ಟರನ ಮನೆ ಸಾಮಾನ್ಯವಾಗಿ ದೊಡ್ಡದು, ವಿಕಾರನ ಮನೆ ಚಿಕ್ಕದು. ಕಣದಲ್ಲಿ ಅಳೆದ ಕಾಳಿನ ಲೆಕ್ಕ ಗೋಡೆಯ ಉದ್ದದಲ್ಲಿ ಕಾಣುತ್ತಿತ್ತು.

ಹಾಗೆಂದು ಎಲ್ಲ ರೆಕ್ಟರಿಗಳೂ ಮೊದಲಿನಿಂದ ಬಂಗಲೆಗಳಾಗಿರಲಿಲ್ಲ. ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಊರಿನ ರೆಕ್ಟರಿಯ ಬಗ್ಗೆ 1607ರ ಒಂದು ದಾಖಲೆ ಇದೆ. ಐದು ಅಂಕಣದ ಮನೆ, ಮರದ ಚೌಕಟ್ಟಿಗೆ ಗಾರೆ ಮೆತ್ತಿದ ಗೋಡೆ, ಹುಲ್ಲಿನ ಹೊದಿಕೆ. ಅಡುಗೆಮನೆ, ಪಡಸಾಲೆ, ಕೂರುವ ಕೋಣೆ, ಉಗ್ರಾಣ, ಮಹಡಿಯ ಮೇಲೆ ಮೂರು ದೊಡ್ಡ ಕೋಣೆ. ಚರ್ಚಿನ ಆಸ್ತಿಯಾದ್ದರಿಂದ ಕೋಣೆ ಕೋಣೆಗೂ ಲೆಕ್ಕ ಬರೆದಿಟ್ಟಿದ್ದರು. ಆ ಮನೆ 1709ರ ಫೆಬ್ರುವರಿಯ ಒಂದು ರಾತ್ರಿ ಸುಟ್ಟುಹೋಯಿತು. ಹುಲ್ಲಿನ ಮನೆಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಆಗಿನ ರೆಕ್ಟರ್ ಸ್ಯಾಮ್ಯುಯೆಲ್ ವೆಸ್ಲಿ. ಅವನ ಐದು ವರ್ಷದ ಮಗ ಮಹಡಿಯಲ್ಲಿ ಸಿಕ್ಕಿಕೊಂಡಿದ್ದ. ಏಣಿ ತರಲು ಹೊತ್ತಿರಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಿ ಹುಡುಗನನ್ನು ಕಿಟಕಿಯಿಂದ ಹೊರಗೆಳೆದರು. ಆ ಹುಡುಗನೇ ಮುಂದೆ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ. ಗುಬ್ಬಿ, ತುಮಕೂರು, ಶಿವಮೊಗ್ಗದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್, ಮೈಸೂರಿನ ವೆಸ್ಲಿ ಪ್ರೆಸ್ಸು ಇವೆಲ್ಲ ಆ ಹೆಸರಿನವೇ.

ಸುಟ್ಟ ಮನೆಯ ಜಾಗದಲ್ಲಿ ರೆಕ್ಟರ್ ಸುಮಾರು 400 ಪೌಂಡ್ ಖರ್ಚು ಮಾಡಿ ಇಟ್ಟಿಗೆಯ ಮನೆ ಕಟ್ಟಿದ. ಆ ಮನುಷ್ಯ ಅದಕ್ಕೆ ನಾಲ್ಕು ವರ್ಷ ಹಿಂದೆಯಷ್ಟೇ ಸಾಲ ತೀರಿಸಲಾಗದೆ ಲಿಂಕನ್ ಕೋಟೆಯ ಜೈಲಿನಲ್ಲಿ ಕುಳಿತು ಬಂದವನು. ಮತ್ತೆ ಸಾಲ. ಮನೆ ಯಾರದು? ಚರ್ಚಿನದು. ಸಾಲ ಯಾರದು? ಅವನದು. ಈ ಗಂಟನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕತೆಗೆಲ್ಲ ಇದೇ ಮೂಲ.

ಎಪ್‌ವರ್ತಿನ ಆ ಇಟ್ಟಿಗೆ ಮನೆ ಒಂದು ಕಾಲದ ಮಾದರಿ. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ರೆಕ್ಟರಿ ಎಂದರೆ ನಡುವೆ ಬಾಗಿಲು, ಎಡಕ್ಕೂ ಬಲಕ್ಕೂ ಸಮಸಮವಾಗಿ ಕಿಟಕಿ. ಕಿಟಕಿಯ ಕದ ನಮ್ಮದರಂತೆ ಹೊರಕ್ಕೆ ತೆರೆಯುವುದಲ್ಲ. ಚೌಕಟ್ಟಿನೊಳಗೆ ಮೇಲಕ್ಕೆ ಕೆಳಕ್ಕೆ ಜಾರುವ ಗಾಜಿನ ಕದ, ಗೋಡೆಯೊಳಗೆ ಅಡಗಿದ ಹಗ್ಗ ಮತ್ತು ತೂಕದ ಗುಂಡಿನಿಂದ ಎಳೆದಲ್ಲಿ ನಿಲ್ಲುತ್ತದೆ. ಒಳಗೆ ಹೋದರೆ ಮೆಟ್ಟಿಲಿರುವ ನಡುಮನೆ, ಒಂದು ಕಡೆ ಊಟದ ಕೋಣೆ, ಇನ್ನೊಂದು ಕಡೆ ಅತಿಥಿಗಳ ಕೋಣೆ. ಕೋಣೆಗೊಂದು ಅಗ್ಗಿಷ್ಟಿಕೆ, ಅದರ ಹೊಗೆಗೂಡು. ಹಿಂದೆ ಅಡುಗೆಮನೆ, ಆಳುಗಳ ಮೆಟ್ಟಿಲು. ಅಂಗಳದಲ್ಲಿ ಕುದುರೆ ಲಾಯ, ಗಾಡಿಮನೆ, ದಶಾಂಶದ ಕಾಳು ತುಂಬುವ ಕಣಜ. 1696ರಿಂದ 1851ರವರೆಗೆ ಆ ದೇಶದಲ್ಲಿ ಕಿಟಕಿಗೂ ತೆರಿಗೆ ಇತ್ತು. ಹಾಗಾಗಿ ಕೆಲವು ಹಳೆಯ ಮನೆಗಳಲ್ಲಿ ಕಿಟಕಿಯ ಜಾಗಕ್ಕೆ ಇಟ್ಟಿಗೆ ತುಂಬಿರುವುದು ಕಾಣುತ್ತದೆ. ತೆರಿಗೆ ತಪ್ಪಿಸುವ ಬುದ್ಧಿ ನಮ್ಮೊಬ್ಬರ ಸೊತ್ತೇನಲ್ಲ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಓದುಕೋಣೆ. ಪಾದ್ರಿ ಪ್ರವಚನ ಬರೆಯುವುದು, ಜನನ ಮರಣದ ಪುಸ್ತಕ ಇಡುವುದು, ಮದುವೆಯ ಮಾತಿಗೆ ಬಂದವರನ್ನು ಕೂರಿಸುವುದು ಅಲ್ಲಿ. ಆ ಕೋಣೆ ಮುಂಬಾಗಿಲಿಗೆ ಅಂಟಿಕೊಂಡಿರಬೇಕು. ಎಷ್ಟೋ ಮನೆಗಳಲ್ಲಿ ಅದಕ್ಕೆ ಹೊರಗಿನಿಂದಲೇ ಬೇರೆ ಬಾಗಿಲು. ಸಾಲದ ಅಳಲು ಹೇಳಲು ಬಂದ ಕೂಲಿಯವನು, ಮಗು ಕಳೆದುಕೊಂಡ ಹೆಂಗಸು ಪಾದ್ರಿಯ ಹೆಂಡತಿ ಮಕ್ಕಳ ನಡುವೆ ಹಾದು ಹೋಗಬೇಕಾಗಿರಲಿಲ್ಲ. ನಮ್ಮ ಶಾನುಭೋಗರ ಕಟ್ಟೆ ಮತ್ತು ಆ ಓದುಕೋಣೆಯ ಬಾಗಿಲು ಒಂದೇ ಅಗತ್ಯಕ್ಕೆ ಹುಟ್ಟಿದವು. ಮನೆಯೊಳಗೆ ಊರಿಗೆ ಸೇರಿದ ಒಂದು ಮೂಲೆ ಬೇಕು, ಆ ಮೂಲೆ ಮನೆಯವರನ್ನು ತೊಡಕಿಸಬಾರದು.

ಊರು ಮನೆಯೊಳಗೇ ಬರುವ ದಿನವೂ ಇತ್ತು. ನಾರ್ಫೋಕಿನ ವೆಸ್ಟನ್ ಲಾಂಗ್‌ವಿಲ್ಲಿನಲ್ಲಿ ರೆಕ್ಟರನಾಗಿದ್ದ ಜೇಮ್ಸ್ ವುಡ್‌ಫೋರ್ಡ್ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಚರಿ ಬರೆದ. ದಶಾಂಶ ಕೊಡುವ ರೈತರಿಗೆ ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಅವನು ತನ್ನ ಮನೆಯಲ್ಲೇ ಊಟ ಹಾಕುತ್ತಿದ್ದ. ಬಾಡೂಟ, ಕಡುಬು, ಕುಡಿತ ಎಲ್ಲ. ಹಣ ಕೊಟ್ಟು ಹೊಟ್ಟೆ ತುಂಬ ಉಂಡು ರಾತ್ರಿ ತೂರಾಡುತ್ತ ಮನೆಗೆ ಹೋಗುವವರ ಸಂಗತಿಯೂ ಆ ದಿನಚರಿಯಲ್ಲಿದೆ. ಊಟದ ಕೋಣೆ ಅಷ್ಟು ದೊಡ್ಡದಿರಬೇಕಾದ ಕಾರಣಗಳಲ್ಲಿ ಇದೂ ಒಂದು.

ಹತ್ತೊಂಬತ್ತನೇ ಶತಮಾನದಲ್ಲಿ ಮನೆಯ ರೂಪ ಬದಲಾಯಿತು. ಅದಕ್ಕೆ ಮೊದಲೇ, 1776ರಲ್ಲಿ, ರೆಕ್ಟರನು ತನ್ನ ಮುಂದಿನ ವರಮಾನವನ್ನು ಅಡವಿಟ್ಟು ಮನೆ ಕಟ್ಟಲು ಸಾಲ ಎತ್ತಬಹುದೆಂದು ಕಾಯಿದೆ ಬಂದಿತ್ತು. 1838ರ ಇನ್ನೊಂದು ಕಾಯಿದೆ, ಊರಲ್ಲಿ ವಾಸ ಮಾಡದೆ ವರಮಾನ ಮಾತ್ರ ತಿನ್ನುವ ಪಾದ್ರಿಗಳ ಮೇಲೆ ಕಣ್ಣಿಟ್ಟಿತು. ವಾಸ ಮಾಡಬೇಕೆಂದ ಮೇಲೆ ಮನೆ ಬೇಕಲ್ಲ! ಕಟ್ಟಿದ್ದೇ ಕಟ್ಟಿದ್ದು. ಈ ಕಾಲದ ಶಿಲ್ಪಿಗಳಿಗೆ ಸಮಸಮ ಕಿಟಕಿಯ ಮೋಹ ಹೋಗಿತ್ತು. 1844–45ರಲ್ಲಿ ಕೋಲ್‌ಪಿಟ್ ಹೀತ್ ಎಂಬಲ್ಲಿ ವಿಲಿಯಂ ಬಟರ್‌ಫೀಲ್ಡ್ ಕಟ್ಟಿದ ಪಾದ್ರಿಮನೆ ಇದಕ್ಕೆ ಹೆಸರಾದದ್ದು. ಕಡಿದಾದ ಮಾಡು, ಎತ್ತರದ ಹೊಗೆಗೂಡು, ಕಲ್ಲಿನ ಗೋಡೆ. ಕೋಣೆಗೆ ಎಷ್ಟು ಬೆಳಕು ಬೇಕೋ ಅಷ್ಟೇ ಕಿಟಕಿ, ಎಲ್ಲಿ ಬೇಕೋ ಅಲ್ಲಿ. ಹೊರಗಿನ ಚಂದಕ್ಕಾಗಿ ಒಳಗನ್ನು ಬಗ್ಗಿಸುವುದಿಲ್ಲ ಎಂಬ ಹಟ. ಇದು ನನಗೆ ಇಷ್ಟವಾಗುತ್ತದೆ. ನಮ್ಮ ಹಳ್ಳಿಯ ಗಾರೆಯವರು ಓದಿ ತಿಳಿಯದೆಯೇ ಹೀಗೆ ಕಟ್ಟುತ್ತಿದ್ದರು.

ಈಗ ಆ ಗಂಟಿನ ವಿಷಯ. ಮನೆ ಪಾದ್ರಿಯ ಕೈಯಲ್ಲಿರುವಷ್ಟು ದಿನ ಅವನದೇ ಹಕ್ಕು, ಆದರೆ ಮಾರುವಂತಿಲ್ಲ, ಮಕ್ಕಳಿಗೆ ಬಿಡುವಂತಿಲ್ಲ. ರಿಪೇರಿ ಅವನ ಹೊಣೆ. ಅವನು ಸತ್ತರೆ, ಮಾಡು ಸೋರಿದ್ದಕ್ಕೆ, ತೊಲೆ ಕೊಳೆತದ್ದಕ್ಕೆ ಹೊಸದಾಗಿ ಬಂದ ರೆಕ್ಟರ್ ಅವನ ಹೆಂಡತಿಯಿಂದ ಹಣ ವಸೂಲಿ ಮಾಡಬಹುದಾಗಿತ್ತು. ಗಂಡ ಹೋದ ದುಃಖ ಒಂದು ಕಡೆ, ಮನೆ ಬಿಡುವ ತಯಾರಿ ಇನ್ನೊಂದು ಕಡೆ, ಅದರ ಮೇಲೆ ಈ ಬಿಲ್ಲು.

ಜೇನ್ ಆಸ್ಟೆನ್ ಹುಟ್ಟಿದ್ದು 1775ರಲ್ಲಿ, ಸ್ಟೀವನ್‌ಟನ್ ಎಂಬ ಹಳ್ಳಿಯ ರೆಕ್ಟರಿಯಲ್ಲಿ. 1801ರಲ್ಲಿ ಅಪ್ಪ ನಿವೃತ್ತಿಯಾಗಿ ಹಿರಿಯ ಮಗನಿಗೆ ಊರಿನ ಕೆಲಸ ವಹಿಸಿದರು. ಇಪ್ಪತ್ತೈದು ವರ್ಷದ ಮದುವೆಯಾಗದ ಮಗಳು ಹುಟ್ಟಿದ ಮನೆ ಬಿಟ್ಟು ಬಾತ್ ಪಟ್ಟಣಕ್ಕೆ ಹೋಗಬೇಕಾಯಿತು. ಅಪ್ಪನ ಪುಸ್ತಕಗಳು ಮಾರಾಟವಾದವು. ಆ ಮನೆಯೂ 1820ರ ದಶಕದಲ್ಲಿ ನೆಲಸಮವಾಯಿತು. ಯಾರ್ಕ್‌ಶೈರಿನ ಹಾವರ್ತಿನಲ್ಲಿ ಬ್ರಾಂಟೆ ಸೋದರಿಯರ ತಂದೆ ಪ್ಯಾಟ್ರಿಕ್ ಬ್ರಾಂಟೆ ನಲವತ್ತೊಂದು ವರ್ಷ ಪಾದ್ರಿಯಾಗಿದ್ದರು. ಮಕ್ಕಳೆಲ್ಲರಿಗಿಂತ ಹೆಚ್ಚು ಬದುಕಿ 1861ರಲ್ಲಿ ತೀರಿಕೊಂಡರು. ಷಾರ್ಲಟ್‌ಳ ಗಂಡ ಅದೇ ಚರ್ಚಿನಲ್ಲಿ ವರ್ಷಗಟ್ಟಲೆ ಸಹಾಯಕನಾಗಿದ್ದು ಮಾವನನ್ನು ಕಡೆಯವರೆಗೆ ನೋಡಿಕೊಂಡಿದ್ದ. ಆ ಹುದ್ದೆ ಅವನಿಗೆ ಸಿಗಲಿಲ್ಲ. ಮನೆಯ ಸಾಮಾನು ಹರಾಜಿಗೆ ಹೋಯಿತು, ಅವನು ಐರ್ಲೆಂಡಿಗೆ ಹೋದ. ಆ ಮನೆ 1928ರಿಂದ ವಸ್ತುಸಂಗ್ರಹಾಲಯ. ಎಪ್‌ವರ್ತಿನ ಮನೆಯನ್ನೂ 1950ರ ದಶಕದಲ್ಲಿ ಮೆಥಡಿಸ್ಟರು ಕೊಂಡು ಹಾಗೆಯೇ ಉಳಿಸಿಕೊಂಡರು.

ಹೆಸರಾಂತ ಮಕ್ಕಳು ಹುಟ್ಟದ ಸಾವಿರಾರು ರೆಕ್ಟರಿಗಳ ಗತಿ ಬೇರೆ. 1836ರಲ್ಲಿ ದಶಾಂಶ ಕಾಳಿನ ಬದಲು ಹಣವಾಯಿತು, 1936ರಲ್ಲಿ ಆ ಹಣವೂ ರದ್ದಾಯಿತು. ಯುದ್ಧಗಳ ನಂತರ ಆಳುಗಳು ಸಿಗಲಿಲ್ಲ. ಹತ್ತು ಕೋಣೆಗೆ ಕಲ್ಲಿದ್ದಲು ಉರಿಸುವ ಶಕ್ತಿ ಸಂಬಳದ ಪಾದ್ರಿಗೆ ಇರಲಿಲ್ಲ. ಮೂರು ನಾಲ್ಕು ಊರಿಗೆ ಒಬ್ಬನೇ ಪಾದ್ರಿ ಎಂದಾದ ಮೇಲೆ ಉಳಿದ ಊರಿನ ಮನೆಗಳು ಖಾಲಿ. 1972ರ ನಿಯಮದ ಪ್ರಕಾರ ರಿಪೇರಿಯ ಹೊಣೆ ಪಾದ್ರಿಯ ಹೆಗಲಿನಿಂದ ಇಳಿದು ಬಿಷಪ್ಪರ ಪ್ರಾಂತ್ಯದ ಮಂಡಲಿಗೆ ಹೋಯಿತು. ಹೊಣೆ ಹೊತ್ತವರು ಲೆಕ್ಕ ಹಾಕಿ ನೋಡಿ ದೊಡ್ಡ ಮನೆ ಮಾರಿದರು, ಪಕ್ಕದಲ್ಲೇ ನಾಲ್ಕು ಮಲಗುವ ಕೋಣೆಯ ಸಣ್ಣ ಮನೆ ಕಟ್ಟಿಸಿದರು. ಕೊಂಡವರು ನಗರದಲ್ಲಿ ದುಡ್ಡು ಮಾಡಿದವರು, ನಿವೃತ್ತ ಅಧಿಕಾರಿಗಳು, ಬರಹಗಾರರು. ಗೇಟಿಗೆ ಓಲ್ಡ್ ರೆಕ್ಟರಿ ಎಂಬ ಹಲಗೆ ಬಂತು. ಕೇಂಬ್ರಿಜ್ ಹತ್ತಿರದ ಗ್ರಾಂಚೆಸ್ಟರಿನ ಓಲ್ಡ್ ವಿಕರೇಜಿನಲ್ಲಿ ಕವಿ ರೂಪರ್ಟ್ ಬ್ರೂಕ್ ಮೊದಲ ಮಹಾಯುದ್ಧಕ್ಕೆ ಮುಂಚೆ ಬಾಡಿಗೆಗಿದ್ದ. 1979ರಲ್ಲಿ ಅದನ್ನು ಕೊಂಡದ್ದು ಕಾದಂಬರಿಕಾರ ಜೆಫ್ರಿ ಆರ್ಚರ್.

ಇಂಥವುಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಸಾಮರ್ಸ್‌ಬಿ. ಅದೂ ಲಿಂಕನ್‌ಶೈರಿನ ಹಳ್ಳಿ. ಕವಿ ಟೆನಿಸನ್ ಹುಟ್ಟಿದ್ದು 1809ರಲ್ಲಿ ಅಲ್ಲಿಯ ರೆಕ್ಟರಿಯಲ್ಲಿ. ಬದುಕುಳಿದ ಮಕ್ಕಳೇ ಹನ್ನೊಂದು. ಮನೆ ಸಾಲದೆ ರೆಕ್ಟರನಾಗಿದ್ದ ಅಪ್ಪ ಪಕ್ಕಕ್ಕೊಂದು ಊಟದ ಕೋಣೆ ತಾನೇ ನಕ್ಷೆ ಹಾಕಿ ಕಟ್ಟಿದ; ಕೈಜೋಡಿಸಿದವನು ಅವನ ಗಾಡಿ ಹೊಡೆಯುವ ಆಳು. ಚರ್ಚಿನಂತೆ ಮೇಲೆ ಚೂಪಾದ ಗಾಥಿಕ್ ಕಿಟಕಿಗಳು, ಸಾದಾ ಮನೆಯ ಮಗ್ಗುಲಿಗೆ. ಜೋಡಿ ಅಷ್ಟೇನೂ ಹೊಂದುವುದಿಲ್ಲ. ಆದರೆ ಅದು ಆ ಸಂಸಾರ ಹುದ್ದೆಯ ಮನೆಗೆ ತಾನಾಗಿ ಸೇರಿಸಿದ ಒಂದೇ ಭಾಗ. 1831ರಲ್ಲಿ ಅಪ್ಪ ಸತ್ತ. ಕೆಲವು ವರ್ಷ ಇರಲು ಬಿಟ್ಟರು, 1837ರಲ್ಲಿ ಹೊರಡಬೇಕಾಯಿತು. ಆ ಮನೆ ಈಗ ಖಾಸಗಿಯವರದು. ರಸ್ತೆಯಾಚೆ ಚರ್ಚು ನೋಡಲು ಬಂದವರು ಮನೆಯನ್ನು ಹೊರಗಿನಿಂದಲೇ ನೋಡಬೇಕು.

ಮಾರಿದ್ದು ತಪ್ಪೇ? ನಾನು ಹಾಗೆ ಹೇಳಲಾರೆ. ಮಾರದಿದ್ದರೆ ಎಷ್ಟೋ ಮನೆಗಳು ಸೋರಿ ಬೀಳುತ್ತಿದ್ದವು. 1947ರ ಕಾಯಿದೆಯಿಂದ ಅಲ್ಲಿ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಪದ್ಧತಿ ಬಂತು. ಪಟ್ಟಿಯಲ್ಲಿರುವ ಮನೆಯ ಒಡೆಯ ಅನುಮತಿ ಇಲ್ಲದೆ ಅದರ ರೂಪ ಬದಲಿಸುವಂತಿಲ್ಲ. ಗೋಡೆ, ಮೆಟ್ಟಿಲು, ಜಾರುವ ಕಿಟಕಿ ಉಳಿದಿವೆ. ಓದುಕೋಣೆಯ ಬಾಗಿಲೂ ಉಳಿದಿದೆ, ಅದನ್ನು ತಟ್ಟುವವರು ಮಾತ್ರ ಇಲ್ಲ. ವಿಚಿತ್ರವೆಂದರೆ, ಚರ್ಚಿನವರು ಹೊಸ ಸಣ್ಣ ಮನೆಗಳಿಗೆ ಹೊರಡಿಸಿದ ವಿನ್ಯಾಸದ ಕೈಪಿಡಿಯಲ್ಲಿ ದೊಡ್ಡ ಊಟದ ಕೋಣೆ ಹೋಯಿತು, ಲಾಯ ಹೋಯಿತು, ಆಳುಗಳ ಮೆಟ್ಟಿಲು ಹೋಯಿತು. ಓದುಕೋಣೆ ಮುಂಬಾಗಿಲ ಹತ್ತಿರವೇ ಇರಬೇಕೆಂಬುದು ಮಾತ್ರ ಉಳಿಯಿತು.

ನಮ್ಮ ನಾಡಿಗೂ ಪಾದ್ರಿಮನೆಗಳು ಬಂದವು. ದಶಾಂಶದ ಮೇಲೆ ಅಲ್ಲ, ಮಿಷನ್ನಿನ ಹಣದ ಮೇಲೆ. ಮಂಗಳೂರಿನ ಬಲ್ಮಠದ ಜಾಗ ಬಾಸೆಲ್ ಮಿಷನ್ನಿಗೆ 1840ರಲ್ಲಿ ಕಲೆಕ್ಟರ್ ಬ್ಲೇರ್ ಅವರ ಕೊಡುಗೆಯಾಗಿ ಬಂತು. ಅಲ್ಲಿ ಇಂಗ್ಲೆಂಡಿನ ಕತೆ ತಿರುಗುಮುರುಗು, ಅಧಿಕಾರಿಯ ಆಸ್ತಿ ಪಾದ್ರಿಗಳ ನೆಲೆಯಾಯಿತು. 1841ರಲ್ಲಿ ಅವರ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು, 1843ರಲ್ಲಿ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು. 1865ರಲ್ಲಿ ಇದೇ ಮಿಷನ್ನಿನ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಮಂಗಳೂರು ಹಂಚು ಮಣ್ಣಿನ ಮಾಳಿಗೆಯ ಈ ಸೀಮೆಗೂ ಬಂದದ್ದು ನಿಮಗೆ ಗೊತ್ತೇ ಇದೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಕೂಡ ಜರ್ಮನಿಯ ಹಳ್ಳಿಯೊಂದರ ಪಾದ್ರಿಯ ಮಗ.

ಇನ್ನೊಬ್ಬ ಪಾದ್ರಿಯ ಮಗನಿಗೆ ಈ ಊರಿನವರು ಋಣಿಗಳು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ನೆಲೆಸಿದ್ದಾಗ, 1837ರಲ್ಲಿ, ಅಲ್ಲೇ ಹುಟ್ಟಿದವರು ಬಿ. ಎಲ್. ರೈಸ್. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೊಂದನೆಯ ಸಂಪುಟ ಆಗಿನ ಚಿತ್ರದುರ್ಗ ಜಿಲ್ಲೆಯದು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನ ಅದರಲ್ಲಿದೆ. ನಮ್ಮ ದಾನಶಾಸನಗಳನ್ನು ಓದಿದರೆ ಗದ್ದೆ, ತೋಟ, ಎಲ್ಲೆಕಲ್ಲಿನ ಜೊತೆಗೆ ಮನೆ ಕಟ್ಟಿಕೊಳ್ಳುವ ನಿವೇಶನ ಬಿಟ್ಟುಕೊಟ್ಟದ್ದೂ ಸಿಗುತ್ತದೆ. ಹುದ್ದೆಗೆ ಜಮೀನು, ಜಮೀನಿನ ಜೊತೆ ಮನೆ ಎಂಬ ಲೆಕ್ಕ ನಮಗೂ ಹಳೆಯದು.

ಹಳೆಯದಲ್ಲದ್ದು ಮನೆಯ ಒಳಗನ್ನು ಬರೆದಿಡುವ ರೂಢಿ. 1607ರ ಆ ಕಾಗದ ಇದ್ದುದರಿಂದ, 1709ರಲ್ಲಿ ಬೂದಿಯಾದ ಮನೆಯಲ್ಲಿ ಉಗ್ರಾಣ ಇತ್ತು, ಮೇಲೆ ಮೂರು ದೊಡ್ಡ ಕೋಣೆ ಇದ್ದವು ಎಂದು ಇವತ್ತು ಆನಗೋಡಿನಲ್ಲಿ ಕುಳಿತು ಹೇಳಲು ಸಾಧ್ಯವಾಯಿತು. ನಮ್ಮ ಶಾನುಭೋಗರು ಊರಿನ ಪ್ರತಿ ಹೊಲದ ಎಕರೆ, ಗುಂಟೆ ಬರೆದರು. ತಾವು ಕುಳಿತು ಬರೆದ ಪಡಸಾಲೆಯ ಅಳತೆ ಬರೆಯಲಿಲ್ಲ. ಅದನ್ನು ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸುವವರನ್ನು ನಾನು ದೂರುವುದಿಲ್ಲ, ಸೋರುವ ಮಾಳಿಗೆಯ ಕೆಳಗೆ ಮಲಗುವವರು ನಾವಲ್ಲ. ಕೆಡವುವ ಮುಂಚೆ ಒಂದು ಟೇಪು ಹಿಡಿದು ಕಟ್ಟೆಯ ಅಗಲ, ಬಾಗಿಲಿನ ಎತ್ತರ, ದಫ್ತರದ ಗೂಡು ಯಾವ ಗೋಡೆಯಲ್ಲಿತ್ತು, ಯಾರು ಎಲ್ಲಿ ಕೂರುತ್ತಿದ್ದರು, ಯಾರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅರ್ಧ ದಿನ ಸಾಕು. ನಮ್ಮ ಕಡೆ ಮನೆ ಇಲ್ಲೇನು ಎಂದು ಕೇಳಿದ ಹಿರಿಯರು ಈ ಸಾಲಿನಲ್ಲೇ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ತಮ್ಮ ಮನೆಯ ಕಟ್ಟೆ ತೋರಿಸುತ್ತೇನೆಂದು ಹೇಳಿದ್ದಾರೆ. ಟೇಪು ನಾನು ತಂದಿದ್ದೇನೆ.